ಬೆಳಕು ಮಾತ್ರ ಸಾಕು

ಫೆಬ್ರವರಿ 9, ಭಾನುವಾರ

ಈ ಡೈರಿ ನನ್ನ ಹೆಂಡತಿ ಅಭಿಜ್ಞಾ ಕೆಲಸ ಮಾಡುವ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಅಡುಗೆಮನೆಯಲ್ಲಿ ಮಿಕ್ಸಿ ಅಲುಗಾಡದಂತೆ ಅದರ ಕೆಳಗೆ ಇಟ್ಟಿದ್ದಳು. ಕೇಳಿ ತೆಗೆದುಕೊಂಡೆ. ಇನ್ನು ಮುಂದೆ ಪ್ರತಿ ಕಾರ್ಯಕ್ರಮದ ಲೈಟಿನ ವಿವರ ಇದರಲ್ಲಿ ಬರೆದಿಡುತ್ತೇನೆ: ಯಾವ ಫ್ಲಾಶ್ ಎಲ್ಲಿತ್ತು, ಎಷ್ಟು ಪವರ್, ಎಷ್ಟು ದೂರ. ಬೇರೆ ಏನನ್ನೂ ಬರೆಯುವುದಿಲ್ಲ. ಮನಸ್ಸಿನ ಗೋಳು ಬರೆಯಲು ನಾನೇನು ಕಾಲೇಜು ಹುಡುಗನಲ್ಲ, ಶಿರಸಿಯಲ್ಲಿ ಹದಿನೆಂಟು ವರ್ಷದಿಂದ ಸ್ಟುಡಿಯೋ ನಡೆಸುವವನು.

ಇಂದು ಯಲ್ಲಾಪುರದ ಆಚೆ ವಿಶ್ವೇಶ್ವರ ಹೆಗಡೆಯವರ ಮೊಮ್ಮಗನ ಉಪನಯನ. ಹೊಸ ಮೂರು ಫ್ಲಾಶ್‌ಗಳಿಗೆ ಮೊದಲ ಕಾರ್ಯಕ್ರಮ. ಕ್ಯಾಮೆರಾದ ನೆತ್ತಿಯ ಮೇಲೆ ಕೂತು ಎದುರಿದ್ದವರ ಮುಖಕ್ಕೆ ರಾಚುವ ಫ್ಲಾಶ್ ಅಲ್ಲ ಇವು. ಸ್ಟ್ಯಾಂಡಿನ ಮೇಲೆ ಬೇಕಾದ ಮೂಲೆಯಲ್ಲಿ ನಿಲ್ಲಿಸಬಹುದು. ಕ್ಯಾಮೆರಾದ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಿಗರ್ ಒಂದು ಇರುತ್ತದೆ. ನಾನು ಫೋಟೊ ತೆಗೆದ ಕ್ಷಣಕ್ಕೆ ಅದು ತಂತಿಯಿಲ್ಲದೆ ಸಂಕೇತ ಕಳಿಸುತ್ತದೆ, ಮೂರೂ ಕಡೆಯಿಂದ ಒಟ್ಟಿಗೆ ಬೆಳಕು. ಹೀಗೆ ಬೆಳಕನ್ನು ಕ್ಯಾಮೆರಾದಿಂದ ಬಿಡಿಸಿ ದೂರ ಇಟ್ಟಾಗ ಮಾತ್ರ ಮೂಗಿಗೆ ಮೂಗಿನ ಆಕಾರ ಬರುತ್ತದೆ ಎಂದು ಹೆಗಡೆಯವರಿಗೆ ವಿವರಿಸಿದೆ. ಅವರು ಪಾಯಸಕ್ಕೆ ಬೆಲ್ಲ ಸಾಲುವುದಿಲ್ಲ ಎಂದು ಒಳಗೆ ಹೋದರು.

ವಿವರ: ಮುಖ್ಯ ಲೈಟು ಎಡಕ್ಕೆ, ಬೆಳಕು ಮೆದುವಾಗಲೆಂದು ಬಿಳಿ ಕೊಡೆಯ ಮೂಲಕ, ಕಾಲು ಪವರ್. ಎರಡನೆಯದು ಬಲಕ್ಕೆ, ಅದರರ್ಧ. ಮೂರನೆಯದು ಹಿಂದಿನಿಂದ. ವಟುವಿನ ತಲೆ ಬೋಳಿಸಿದ್ದರಿಂದ ಹಿಂದಿನ ಬೆಳಕು ವಿಪರೀತ ಹೊಳೆಯಿತು, ಇಳಿಸಿದೆ. ತಾಯಿಯ ಜರಿ ಸೀರೆ ಹೊಳೆದು ತೊಂದರೆ ಕೊಡುವ ಮೇಲ್ಮೈ. ಅಜ್ಜನ ಕನ್ನಡಕದಲ್ಲಿ ಕೊಡೆ ಕಾಣುತ್ತಿತ್ತು, ಕನ್ನಡಕ ತೆಗೆಸಿದೆ. ಅವರು ಆಮೇಲೆ ಮಂತ್ರಾಕ್ಷತೆಯನ್ನು ಅಡಿಗೆಯವನ ತಲೆಗೆ ಹಾಕಿದರಂತೆ.

ಬಹಳ ಒಳ್ಳೆಯ ಕೆಲಸ. ಇಂಥ ಬೆಳಕು ಈ ಮೂರು ತಾಲೂಕಿನಲ್ಲಿ ಯಾರೂ ಮಾಡಿಲ್ಲ.

ಫೆಬ್ರವರಿ 10, ಸೋಮವಾರ

ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ.

ಅದು ಅಂಗಡಿಯ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿತ್ತು. ಕಾರ್ಡ್ ಇಲ್ಲದಿದ್ದರೂ ಈ ಕ್ಯಾಮೆರಾ ಕ್ಲಿಕ್ ಎನ್ನುತ್ತದೆ, ಚಿತ್ರವನ್ನು ಪರದೆಯ ಮೇಲೆ ಎರಡು ಕ್ಷಣ ತೋರಿಸುತ್ತದೆ, ಆಮೇಲೆ ಅದನ್ನು ಎಲ್ಲಿಗೋ ಬಿಟ್ಟುಬಿಡುತ್ತದೆ. ನಿನ್ನೆ ದಿನವಿಡೀ ಹಾಗೇ ಆಗಿದೆ. ನಾನು ಪರದೆಯಲ್ಲಿ ನೋಡಿದ್ದೆ. ಒಂದೊಂದೂ ಅದ್ಭುತವಾಗಿ ಬಂದಿತ್ತು.

ಅಭಿಜ್ಞಾಳಿಗೆ ಹೇಳಲಿಲ್ಲ. ತಲೆನೋವು ಎಂದೆ.

ಫೆಬ್ರವರಿ 13, ಗುರುವಾರ

ಹೆಗಡೆಯವರ ಫೋನ್ ಬಂದಿಲ್ಲ. ಫೋನ್ ಸದ್ದು ಮಾಡಿದಾಗೆಲ್ಲ ಅವರದೇ ಎಂದುಕೊಳ್ಳುತ್ತೇನೆ. ಇಂದು ಕರೆ ಮಾಡಿದ್ದು ಗ್ಯಾಸ್ ಏಜೆನ್ಸಿಯವರು. ಅವರಿಗೇ ಕ್ಷಮೆ ಕೇಳುವವನಿದ್ದೆ.

ಫೆಬ್ರವರಿ 16, ಭಾನುವಾರ

ತಡೆಯಲಾಗದೆ ಯಲ್ಲಾಪುರಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಲಾರಿಗಳ ಹಿಂದೆ ನಿಧಾನವಾಗಿ ಹೋದೆ, ಯಾವುದನ್ನೂ ದಾಟುವ ಮನಸ್ಸಾಗಲಿಲ್ಲ. ಹೆಗಡೆಯವರು ಜಗಲಿಯಲ್ಲಿ ಎಲೆ-ಅಡಿಕೆಯ ಕವಳ ಹಾಕುತ್ತ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಕಾರ್ಡ್ ಇರಲಿಲ್ಲ, ಒಂದು ಫೋಟೊವೂ ಇಲ್ಲ, ಕೊಟ್ಟ ಮುಂಗಡ ತಂದಿದ್ದೇನೆ, ಬೈಯುವುದಿದ್ದರೆ ಬೈಯಿರಿ ಎಂದೆ.

ಅವರು ಸುಣ್ಣದ ಡಬ್ಬಿ ಮುಚ್ಚಿದರು. "ಫೋಟೊ ಎಂತಕ್ಕಾ, ನಂದನ? ಆವತ್ತು ಊಟಕ್ಕೆ ಎಲೆ ಹಾಕೂಕೆ ಮೊದ್ಲೇ ಗ್ರೂಪಿಗೆ ಬೈಂದು. ನಮ್ಮ ಭಾವನ ಮಗ ಮೊಬೈಲಲ್ಲಿ ತೆಗ್ದಿದ್ದ. ಎಲ್ಲರ ಮುಖನೂ ಇದ್ದು."

"ಆದ್ರೆ ನೀವು ನನ್ನ ಕರೆಸಿದ್ದು..."

"ನಿನ್ನ ಬೆಳಕು ಚೊಲೊ ಇತ್ತು ಮಾರಾಯ. ಫಳ್ ಹೇಳಿ ಹೊಳ್ದಾಗ ತೂಕಡಿಸ್ತಿದ್ದ ಭಟ್ರೂ ನೆಟ್ಟಗೆ ಕೂತ. ಬಂದವೆಲ್ಲ ಹೇಳ್ದ, ಮನೆಲಿ ದೊಡ್ಡ ಕಾರ್ಯ ಆದಂಗೆ ಆತು ಹೇಳಿ. ಹೋದ ವರ್ಷ ನಮ್ಮ ಅಣ್ಣನ ಮನೆಲಿ ಬೆಳಕೇ ಇಲ್ಲೆ, ತಿಥಿ ಊಟ ಮಾಡಿ ಬಂದಂಗೆ ಆಗಿತ್ತು."

ಮುಂಗಡ ವಾಪಸು ತೆಗೆದುಕೊಳ್ಳಲಿಲ್ಲ. ಹೊರಡುವಾಗ ಹಿಂದಿನಿಂದ ಕರೆದರು.

"ಬಪ್ಪ ತಿಂಗಳು ಸಿದ್ದಾಪುರದಲ್ಲಿ ತಂಗಿ ಮನೆಲಿ ನಾಮಕರಣ. ಅದಕ್ಕೂ ನೀನೇ ಆಗವು. ಕ್ಯಾಮೆರಾ ತರದು ಬೇಡ, ಎದುರಿಗೆ ನಿಂತ್ರೆ ಅಡ್ಡ ಬತ್ತು. ಬೆಳಕು ಮಾತ್ರ ಸಾಕು."

ತಮಾಷೆ ಮಾಡಿದರೇನೋ ಎಂದು ಅವರ ಮುಖ ನೋಡಿದೆ. ಬಾಯಿ ತುಂಬ ಕವಳ ಇತ್ತು, ಗೊತ್ತಾಗಲಿಲ್ಲ.

ಮಾರ್ಚ್ 3, ಸೋಮವಾರ

ತಮಾಷೆ ಅಲ್ಲ.

ಸಿದ್ದಾಪುರಕ್ಕೆ ಹಟಕ್ಕೆ ಬಿದ್ದು ಕ್ಯಾಮೆರಾ ಒಯ್ದಿದ್ದೆ. ಹೆಗಡೆಯವರ ತಂಗಿಯೇ ಬಾಗಿಲಲ್ಲಿ ಅದನ್ನು ನನ್ನ ಕುತ್ತಿಗೆಯಿಂದ ತೆಗೆಸಿ, ಮಕ್ಕಳ ಕೈಗೆ ಸಿಗದಂತೆ ಗೋದ್ರೆಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಟ್ರಿಗರ್ ಒಂದನ್ನೇ ಕೈಯಲ್ಲಿ ಹಿಡಿದು ನಿಂತೆ. ಅದರಲ್ಲಿ ಪರೀಕ್ಷೆಗೆಂದು ಒಂದು ಗುಂಡಿ ಇದೆ, ಒತ್ತಿದರೆ ಕ್ಯಾಮೆರಾ ಇಲ್ಲದೆಯೂ ಫ್ಲಾಶ್‌ಗಳು ಹೊಳೆಯುತ್ತವೆ.

ಒತ್ತಿದೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.

ಅಲ್ಲಿಂದ ಮುಂದೆ "ಈ ಬದಿಗೊಂದು ಹೊಡಿ", "ನಮಗೊಂದು ಹೊಡಿ" ಎಂದು ಕರೆದದ್ದೇ ಕರೆದದ್ದು. ಗುಂಪು ಗುಂಪಾಗಿ ನಿಲ್ಲುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಉಸಿರು ಹಿಡಿಯುತ್ತಾರೆ, ನಾನು ಒತ್ತುತ್ತೇನೆ, ಅವರು ಉಸಿರು ಬಿಟ್ಟು ಊಟಕ್ಕೆ ಹೋಗುತ್ತಾರೆ. ಫೋಟೊ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೆಲವರು ಮೊಬೈಲಿನಲ್ಲಿ ತೆಗೆಯುತ್ತಿದ್ದರು ನಿಜ, ಆದರೆ ಅವರು ಒತ್ತುವ ಕ್ಷಣಕ್ಕೂ ನಾನು ಒತ್ತುವ ಕ್ಷಣಕ್ಕೂ ಸಂಬಂಧವಿಲ್ಲ. ಸಾವಿರದಲ್ಲೊಂದು ಪಾಲು ಸೆಕೆಂಡಿನ ಬೆಳಕು ಅದು, ಅವರಿಗೆ ಸಿಗುವುದೇ ಇಲ್ಲ. ಅಂದರೆ ಇಂದು ನಾನು ಕೊಟ್ಟ ಬೆಳಕು ಯಾರ ಯಾವ ಚಿತ್ರದಲ್ಲೂ ಇಲ್ಲ.

ವಿವರ: ಮುಖ್ಯ ಲೈಟು ಎಡಕ್ಕೆ, ಕಾಲು ಪವರ್. ಯಾಕೆ ಬರೆಯುತ್ತಿದ್ದೇನೋ.

ಮಾರ್ಚ್ 5, ಬುಧವಾರ

ಅಭಿಜ್ಞಾಳಿಗೆ ಎಲ್ಲ ಹೇಳಿದೆ. ಅವಳು ದೋಸೆ ಮಗುಚುತ್ತ ಕೇಳಿದಳು.

"ಕ್ಯಾಮೆರಾ ಇಲ್ದೆ ಕರೆತ್ವಲಿ, ಹೋಗಿ. ಬೆನ್ನು ನೋವು ಹೇಳ್ತಿದ್ರಿ. ಭಾರ ಕಡಿಮೆ ಆತು."

"ಆನು ಫೋಟೊಗ್ರಾಫರೋ ಸಿಡಿಲೋ?"

"ಸಿಡಿಲಿಗೆ ಯಾರೂ ಫೋನ್ ಮಾಡಿ ಕರೆತ್ವಿಲ್ಲೆ," ಎಂದು ಇನ್ನೊಂದು ದೋಸೆ ಹಾಕಿದಳು.

ಸಿದ್ದಾಪುರದಿಂದ ಮತ್ತೆರಡು ಕರೆ. ಒಂದು ಹಾರ್ಡ್‌ವೇರ್ ಅಂಗಡಿಯ ಉದ್ಘಾಟನೆ, ಇನ್ನೊಂದು ಗೃಹಪ್ರವೇಶ. ಎರಡಕ್ಕೂ ಬೆಳಕು ಮಾತ್ರ. ಅಂಗಡಿಯವರು, "ಸ್ವಲ್ಪ ಬಿರುಸಾಗಿಯೇ ಹೊಡಿರಿ, ಎದುರಿನ ಅಂಗಡಿಗೂ ಕಾಣಬೇಕು" ಎಂದರು.

ಮಾರ್ಚ್ 16, ಭಾನುವಾರ

ದಾಸನಕೊಪ್ಪದಿಂದ ಸಂಜಯ ಎಂಬ ರೈತರು ಸ್ಟುಡಿಯೋಕ್ಕೇ ಬಂದರು. ಮದುವೆಯೇ, ಮುಂಜಿಯೇ ಎಂದು ಕೇಳಿದೆ.

"ಅನಾನಸ್ ರೀ."

ಅವರ ಹೊಲಕ್ಕೆ ಬೆಳಗಾಗುವ ಹೊತ್ತಿಗೆ ಮಂಗಗಳ ಹಿಂಡು ಬರುತ್ತದಂತೆ. "ಪಟಾಕಿಗೆ ಹೆದರೂದಿಲ್ರಿ ಈಗ. ಹುಲಿ ಗೊಂಬಿ ಇಟ್ಟಿದ್ನಿ, ಅದರ ಮ್ಯಾಲೆ ಕುಂತು ತಿಂತಾವ್ರಿ. ನೀವು ಮಿಂಚ್ ಹೊಡಸ್ತೀರಿ ಅಂತ ಸುದ್ದಿ ಕೇಳಿ ಬಂದೇನ್ರಿ. ಬರ್ರಿ, ಒಂದ್ ವಾರ."

ನಾನು ಕಲಾವಿದ ಎಂದು ಹೇಳಿದೆ.

"ಕಲಾವಿದರನ್ನ ಹುಡುಕ್ಕೊಂಡ ಬಂದೇನ್ರಿ," ಎಂದರು ಅವರು ಬಹಳ ಗೌರವದಿಂದ.

ಮಾರ್ಚ್ 18, ಮಂಗಳವಾರ

ಹೊಲದ ಅಂಚಿನ ಮಾವಿನ ಮರಗಳ ಕೆಳಗೆ ಮೂರೂ ಫ್ಲಾಶ್ ನಿಲ್ಲಿಸಿದೆ. ಪೂರ್ತಿ ಪವರ್. ಹಿಂಡು ಇಳಿದು ಬಂತು, ಒತ್ತಿದೆ, ಒಂದು ಕ್ಷಣದಲ್ಲಿ ಹೊಲ ಖಾಲಿ. ಸಂಜಯ ನನ್ನ ಕೈ ಹಿಡಿದುಕೊಂಡರು. ಅವರ ತಾಯಿ ಸಿದ್ದವ್ವ ರೊಟ್ಟಿ, ಎಣ್ಣೆಗಾಯಿ ತಂದುಕೊಟ್ಟು, "ನಿನ್ನ ಕೈಯಾಗ ಏನೋ ಐತಿ ತಮ್ಮಾ" ಎಂದರು. ಹದಿನೆಂಟು ವರ್ಷದಲ್ಲಿ ನನ್ನ ಕೈ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಇದೇ ಮೊದಲು.

ಮಾರ್ಚ್ 20, ಗುರುವಾರ

ಮಂಗಗಳು ಓಡಲಿಲ್ಲ. ಹತ್ತು ಮಾರು ಹಿಂದೆ ಹೋಗಿ ಕೂತು ನೋಡಿದವು.

ಮಾರ್ಚ್ 22, ಶನಿವಾರ

ಇಂದು ಅವು ನನಗಿಂತ ಮೊದಲೇ ಬಂದು ಕಾಯುತ್ತಿದ್ದವು. ಹಿಂಡಿನ ಯಜಮಾನ ಕಡಿದ ಮರದ ಬೊಡ್ಡೆಯ ಮೇಲೆ ಕೂತು ಎಡಗೆನ್ನೆ ನನ್ನ ಕಡೆ ಮಾಡಿದ. ಹಿಂದೆ ಹೆಣ್ಣುಗಳು, ಮರಿಗಳು ಸಾಲಾಗಿ. ಒತ್ತಿದೆ. ಕಣ್ಣು ಪಿಳುಕಿಸಿದವು, ಅಲುಗಾಡಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಮದುವೆ ಮನೆಯಲ್ಲೂ ನನಗೆ ಇಷ್ಟು ಚೆನ್ನಾಗಿ ಕೂತ ಗುಂಪು ಸಿಕ್ಕಿಲ್ಲ. ಒಂದು ಮರಿಯ ಕಿವಿ ಹರಿದಿತ್ತು, ತಾಯಿ ಆ ಬದಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಕೂತಿತ್ತು.

ಬೆಳಕು ಬಿರುಸಾಯಿತೆನಿಸಿ ನನ್ನ ಜೀಪಿನಿಂದ ಕೊಡೆ ತಂದು ಸಿಕ್ಕಿಸುತ್ತಿದ್ದೆ. ಸಂಜಯ ಬಂದರು.

"ಸರ್ರ, ಅವಕ್ಕ ಕೊಡಿ ಯಾಕ ಹಿಡೀತೀರಿ?"

"ಮುಖದ ಮೇಲೆ ಬಿರುಸು ಬೀಳ್ತಿತ್ತು."

ಅವರು ಕೊಡೆಯನ್ನೂ ಮಂಗಗಳನ್ನೂ ನೋಡಿದರು. "ಬಿರುಸ ಬೀಳ್ಬೇಕ್ರಿ. ಓಡಸಾಕ ಕರಸಿದ್ದು."

ಸಿಟ್ಟು ಮಾಡಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಹೇಳಿ, ಜೀಪಿನ ತನಕ ಬಂದು ಒಳ್ಳೆಯ ಹಣ್ಣುಗಳನ್ನೇ ಆರಿಸಿ ಹಾಕಿದರು. ಹಿಂದೆ ತಿರುಗಿ ನೋಡಿದಾಗ ಹಿಂಡು ಇನ್ನೂ ಕೂತೇ ಇತ್ತು.

ಏಪ್ರಿಲ್ 5, ಶನಿವಾರ

ಯಲ್ಲಾಪುರದಲ್ಲಿ ಪೋಸ್ಟ್ ಮಾಸ್ತರರೊಬ್ಬರ ಬೀಳ್ಕೊಡುಗೆ. ಮನೆಯವರು ಬೆಳಕಿಗೆ ನನ್ನನ್ನು ಕರೆದಿದ್ದರು, ಸಹೋದ್ಯೋಗಿಗಳು ಫೋಟೊಗೆ ನವೀನ ಎಂಬ ಹೊಸ ಹುಡುಗನನ್ನು. ಕಾರ್ಯಕ್ರಮ ಶುರುವಾದ ಕೂಡಲೇ ನಾನು ಒತ್ತದೆಯೇ ನನ್ನ ಫ್ಲಾಶ್‌ಗಳು ಹೊಳೆಯತೊಡಗಿದವು. ಮೊದಲು ಗಾಬರಿಯಾಯಿತು. ಆಮೇಲೆ ನೋಡಿದರೆ ನವೀನ ಕ್ಯಾಮೆರಾ ಒತ್ತಿದಾಗೆಲ್ಲ ಹೊಳೆಯುತ್ತಿವೆ. ಅವನದೂ ಅದೇ ಕಂಪನಿಯ ಟ್ರಿಗರ್, ಸಂಕೇತ ಹೋಗುವ ಚಾನೆಲ್ ಕೂಡ ಇಬ್ಬರದೂ ಒಂದೇ.

ಅವನು ಓಡಿ ಬಂದ. "ಸರ್, ನಿಮ್ಮ ಲೈಟೆಲ್ಲ ನನಗೆ ಬರ್ತಾ ಇದೆ. ಚಾನೆಲ್ ಬದಲಿಸ್ತೇನೆ. ಅಲ್ಲಾ ಸರ್, ನಿಮ್ಮ ಕ್ಯಾಮೆರಾ ಎಲ್ಲಿ?"

"ಬದಲಿಸೂದು ಬೇಡ, ಇರಲಿ," ಎಂದೆ.

ಟ್ರಿಗರ್ ಕಿಸೆಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಕಾರ್ಯಕ್ರಮದಲ್ಲಿ ನಾನು ಕೂತದ್ದು ಇದೇ ಮೊದಲು. ಪಕ್ಕದಲ್ಲಿ ಮಾಸ್ತರರ ಹೆಂಡತಿ. ಹಾರ ಹಾಕುವಾಗ ಮಾಸ್ತರರ ಬಲಗೈ ಮೇಜಿನ ಮೇಲೆ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿತ್ತು. "ಮುದ್ರೆ ಒತ್ತೂದು," ಎಂದರು ಆಕೆ ಮೆಲ್ಲಗೆ. "ನಿದ್ದೆಯಲ್ಲೂ ಒತ್ತುತ್ತಾರೆ. ನಾಳೆಯಿಂದ ಎಂತ ಮಾಡ್ತಾರೋ." ಯಾರೋ ಹೊಗಳಿ ಭಾಷಣ ಮಾಡುತ್ತಿದ್ದರು. ನಾವಿಬ್ಬರೂ ಆ ಕೈಯನ್ನೇ ನೋಡುತ್ತ ಕೂತೆವು. ನನ್ನ ಬೆಳಕು ಅದರ ಮೇಲೆ ಬೀಳುತ್ತಿತ್ತು, ನಿಲ್ಲುತ್ತಿತ್ತು.

ವಿವರ ಬರೆಯಲು ಮರೆತೆ. ಎಡಕ್ಕೋ ಬಲಕ್ಕೋ ನೆನಪಿಲ್ಲ.

ಏಪ್ರಿಲ್ 16, ಬುಧವಾರ

ಬಿಳಗಿಯಲ್ಲಿ ಶಾಂತಾರಾಮ ನಾಯ್ಕರ ಮಗಳು ಭೂಮಿಕಾಳ ನಿಶ್ಚಿತಾರ್ಥ. ಮುಂದೆ ಅವರ ಹಿಟ್ಟಿನ ಗಿರಣಿ, ಹಿಂದೆ ಮನೆ. ಗಾಳಿಯಲ್ಲಿ ಸದಾ ಹಿಟ್ಟಿನ ಹುಡಿ ಇರುವುದರಿಂದ ಫ್ಲಾಶ್ ಹೊಳೆದಾಗ ಬೆಳಕಿನ ಕೋಲೇ ಕಾಣುತ್ತದೆ. ಇದನ್ನು ನೋಡಲೆಂದೇ ಪಕ್ಕದ ಮನೆಯವರೂ ಬಂದರು.

ನಾಯ್ಕರ ತಾಯಿ ವೆಂಕಮ್ಮ, ಎಂಬತ್ತು ದಾಟಿದವರು, ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು. ಊಟದ ನಂತರ ಹತ್ತಿರ ಬಂದರು.

"ನೀ ಆ ಬೆಳ್ಕಿನವ ಅಲ್ದಾ? ಕ್ಯಾಮ್ರ ಇಲ್ಲ ಅಲ್ದಾ ನಿನ್ ಹತ್ರ?"

"ಇಲ್ಲ."

"ಹಂಗಾರೆ ನಂಗೊಂದು ಹಾಕು." ಕುರ್ಚಿ ಎಳೆದು ಕೂತರು.

ಮನೆಯವರೆಲ್ಲ ತಿರುಗಿ ನೋಡಿದರು. ಮೊಮ್ಮಕ್ಕಳು ಸರಸರನೆ ಮೊಬೈಲ್ ಎತ್ತಿದರು. ವೆಂಕಮ್ಮ ಅಷ್ಟೇ ಬೇಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಹಾಗೇ ಕೂತರು. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದ ಮೇಲೆ ಸೆರಗು ಸರಿಯಿತು. ನಾನು ಒತ್ತಿದೆ. ಅವರು ತಲೆ ಅಲ್ಲಾಡಿಸಿ, "ಬೆಚ್ಚಗಾತದೆ" ಎಂದು ಎದ್ದು ಹೋದರು.

ನಾಯ್ಕರು ನನ್ನನ್ನು ಗಿರಣಿಯ ಹಿಂದೆ ಕರೆದುಕೊಂಡು ಹೋದರು. "ಹುಟ್ಟಿದಾಗಿನಿಂದ ಅವ್ವಿ ಒಂದು ಪಟ ತೆಗೆಸಿಕೊಂಡದ್ದಿಲ್ಲ. ವೋಟಿನ ಕಾರ್ಡಿಗೆ ತೆಗೆಯೂಕೆ ಬಂದವ್ರ ಜೊತೆ ಜಗಳ ಆಡಿ, ಅದ್ರಲ್ಲೂ ಕಣ್ಣು ಮುಚ್ಚಿ ತೆಗೆಸಿದ್ದು. ನಾಳೆ ಹೆಚ್ಚು ಕಡಿಮೆ ಆದ್ರೆ ಗ್ವಾಡೆಗೆ ಹಾಕೂಕೆ ಎಂತ ಇದೆ ನಮ್ಮ ಹತ್ರ? ನೀವು ಅಂದ್ರೆ ಅವ್ಳಿಗೆ ಧೈರ್ಯ. ಇನ್ನೊಂದಿನ ಬನ್ನಿ. ಎಲ್ಲಾದ್ರೂ ಅಡಗಿಸಿ ಕ್ಯಾಮೆರಾ ಇಡಿ. ಒಂದೇ ಒಂದು ಪಟ ಸಾಕು." ಅವರ ಕಣ್ಣಲ್ಲಿ ನೀರಿತ್ತು.

ಒಪ್ಪಿದೆ.

ಏಪ್ರಿಲ್ 17, ಗುರುವಾರ

ಫೋಟೊ ಬೇಕು ಎಂದರು. ನನ್ನಿಂದ, ಫೋಟೊ. ಫೆಬ್ರವರಿಯಿಂದ ಈ ಮಾತು ಕೇಳಿರಲಿಲ್ಲ.

ಲೆನ್ಸ್ ಒರೆಸಿದೆ. ಕಾರ್ಡ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಯೋಜನೆ: ಗಿರಣಿಯ ಚೀಲದ ಕೋಣೆ, ಕಿಟಕಿ ಇಲ್ಲ, ಬೆಳಕೆಲ್ಲ ನನ್ನದೇ. ಮುಖ್ಯ ಲೈಟು ಎಡಕ್ಕೆ, ಕೊಡೆ, ಎಂಟನೇ ಒಂದು ಪವರ್. ಬಲಕ್ಕೆ ಬಿಳಿ ಥರ್ಮೊಕೋಲ್. ಹಿಂದಿನ ಲೈಟು ಬೆಳ್ಳಿ ಕೂದಲಿಗೆ. ಕ್ಯಾಮೆರಾ ಚೀಲಗಳ ನಡುವೆ, ಕೈಯಲ್ಲಿ ರಿಮೋಟ್. ಚರ್ಮ ಸುಕ್ಕು, ಒಳ್ಳೆಯ ಮೇಲ್ಮೈ.

ಏಪ್ರಿಲ್ 24, ಗುರುವಾರ

ಅಭಿಜ್ಞಾಳಿಗೆ ಹೇಳಿದೆ.

"ಅಜ್ಜಿ ಬೇಡ ಹೇಳಿದ್ವಲಿ," ಎಂದಳು.

ಇದು ಆ ಕುಟುಂಬಕ್ಕೆ ಎಷ್ಟು ಮುಖ್ಯ, ಬೆಳಕಿನ ದೃಷ್ಟಿಯಿಂದ ಎಷ್ಟು ಅಪರೂಪದ ಅವಕಾಶ ಎಂದು ಬಹಳ ಹೊತ್ತು ವಿವರಿಸಿದೆ. ಅವಳು ಕೇಳಿಸಿಕೊಂಡಳು. ಮುಗಿದ ಮೇಲೆ, "ಅಜ್ಜಿ ಬೇಡ ಹೇಳಿದ್ವಲಿ," ಎಂದು ಅದನ್ನೇ ಹೇಳಿದಳು.

ಊಟ ಸೇರಲಿಲ್ಲ. ಹಲಸಿನಕಾಯಿ ಹುಳಿ ಖಾರವಾಗಿತ್ತು.

ಏಪ್ರಿಲ್ 27, ಭಾನುವಾರ

ಗಿರಣಿಗೆ ರಜೆ. ಬೆಳಿಗ್ಗೆಯೇ ಬಿಳಗಿ ತಲುಪಿದೆ. ನಾಯ್ಕರು ಚೀಲದ ಕೋಣೆ ಗುಡಿಸಿ ಇಟ್ಟಿದ್ದರು. ಜೋಳದ ಎರಡು ಚೀಲಗಳ ನಡುವೆ ಕ್ಯಾಮೆರಾ ಇಟ್ಟು, ಮೇಲೆ ಖಾಲಿ ಗೋಣಿ ಹೊದೆಸಿ, ಲೆನ್ಸಿಗಷ್ಟೇ ಜಾಗ ಬಿಟ್ಟೆವು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ನಾಯ್ಕರು ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಬಳಿ ನಿಂತರು, ಇನ್ನೊಂದು ಕೈಯಲ್ಲಿ ಅಳತೆಯ ಸೇರು. ಏನಾದರೂ ಕೆಲಸದಲ್ಲಿದ್ದಂತೆ ಕಾಣಲಿ ಎಂದು ನಾನೇ ಹಿಡಿಸಿದ್ದು. ಅವರ ಹೆಂಡತಿ ಸುಬ್ಬಿ, ಭೂಮಿಕಾ ಹಿಂದೆ.

ವೆಂಕಮ್ಮ ಹಸಿರು ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂತರು. ಎಲ್ಲ ಸಿದ್ಧವಾಗಿತ್ತು. ನಾನು ಯಾವಾಗಲೂ ಹೇಳುವ ಹಾಗೆ ಹೇಳಿದೆ: "ಸ್ವಲ್ಪ ಎಡಕ್ಕೆ ತಿರುಗಿ. ಗದ್ದ ಮೇಲೆ ಬರ್ಲಿ. ಚೀಲದ ನಡುವೆ ಕ್ಯಾಮೆರಾ ಇದೆ. ಕೈ ತೊಡೆ ಮೇಲೆ ಇರ್ಲಿ."

ನಾಯ್ಕರ ಕೈಯಿಂದ ಸೇರು ಬಿದ್ದಾಗಲೇ ನಾನು ಏನು ಹೇಳಿದೆ ಎಂದು ನನಗೆ ಗೊತ್ತಾದದ್ದು.

ವೆಂಕಮ್ಮನಿಗೆ ಸಿಟ್ಟು ಬರಲಿಲ್ಲ. "ಯಾವ ಚೀಲ?" ಎಂದು ಕೇಳಿದರು.

"ಜೋಳದ್ದು."

"ತೆಗಿ ಅದನ್ನ."

ತೆಗೆದು, ಟ್ರಿಗರ್ ಮಾತ್ರ ಬಿಚ್ಚಿಕೊಂಡು ಕ್ಯಾಮೆರಾ ಬ್ಯಾಗಿಗೆ ಹಾಕಿ, ಬ್ಯಾಗನ್ನು ಹೊರಗೆ ತೂಕದ ಯಂತ್ರದ ಮೇಲೆ ಇಟ್ಟು ಬಂದೆ. ಒಳಗೆ ಯಾರೂ ಅಲುಗಾಡಿರಲಿಲ್ಲ.

"ಅವ್ವಿ, ಕೆಟ್ಟದ್ದಕ್ಕೆ ಮಾಡ್ಲಿಲ್ಲ ನಾವು," ಎಂದರು ನಾಯ್ಕರು. "ನಾಳೆ ನಿನ್ ಮುಖ ನೋಡ್ಬೇಕು ಅನ್ಸಿದ್ರೆ ನಮ್ಗೆ ಒಂದು ಪಟ ಬ್ಯಾಡ್ವಾ?"

"ನಿನ್ ಅಪ್ಪಂದು ಉಂಟಲ ಗ್ವಾಡೆ ಮೇಲೆ. ಅದ್ರಲ್ಲಿ ಎಂತ ಕಾಣ್ತದೆ ನಿಂಗೆ?"

"ಅಪ್ಪ."

"ಹಲ್ಲುನೋವು," ಎಂದರು ವೆಂಕಮ್ಮ.

ಆಮೇಲೆ ನನ್ನ ಕಡೆ ತಿರುಗಿ ಹೇಳತೊಡಗಿದರು, ಮನೆಯವರಿಗೆಲ್ಲ ಗೊತ್ತಿರುವ ವಿಷಯ ಎಂಬ ಹಾಗೆ. ಆದರೆ ಅವರಿಗೂ ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. "ಜಮೀನಿನ ಕಾಗದಕ್ಕೆ ಪಟ ಬೇಕು ಅಂತ ಸಿದ್ದಾಪುರಕ್ಕೆ ಹೋಗಿದ್ರು. ಹಲ್ಲು ಬಾತು ಈ ಕೆನ್ನೆ ಇಷ್ಟು ದಪ್ಪ ಆಗಿತ್ತು. ಎರಡು ದಿನಕ್ಕೆ ಇಳೀತು. ಅವ್ರು ಹೋದ್ಮೇಲೆ ಬೇರೆ ಪಟ ಇಲ್ಲ ಅಂತ ಇವ ಅದನ್ನೇ ದೊಡ್ಡ ಮಾಡ್ಸಿ ಹಾಕ್ದ. ಮೊದ್ಲು ನಂಗೆ ಅವ್ರ ಮುಖ ನೆನಪಿತ್ತು, ನಗೂದು, ಬೈಯೂದು, ಉಣ್ಣೂದು ಎಲ್ಲ. ಆ ಪಟ ನೋಡಿ ನೋಡಿ ಎಲ್ಲ ಹೋತು. ಈಗ ಕಣ್ಣು ಮುಚ್ಚಿದ್ರೂ ಬಾತ ಕೆನ್ನೆನೇ ಬತ್ತದೆ. ನಲ್ವತ್ತು ವರ್ಷ ಸಂಸಾರ ಮಾಡಿದ್ದು ಆ ಕೆನ್ನೆ ಜೊತೆ ಅಲ್ಲ ಮಾರಾಯಾ."

ನಾಯ್ಕರು ಬಗ್ಗಿ ಸೇರನ್ನು ಎತ್ತಿಕೊಂಡರು.

"ಈಗ ಬೆಳಕು ಹಾಕ್ತ್ಯೋ, ಹೋಗ್ಲೋ?" ಎಂದರು ವೆಂಕಮ್ಮ ನನಗೆ. ಮತ್ತೆ ಮಗನಿಗೆ, "ಶಾಂತ, ನೀ ಅಲ್ಲಿ ಹೋಗಿ ಕುಂತ್ಕ. ಆ ಕ್ಯಾಮ್ರ ಡಬ್ಬಿ ಇತ್ತಲ, ಅಲ್ಲಿ. ಅದು ನೋಡೂದನ್ನ ನೀನೇ ನೋಡು."

ನಾಯ್ಕರಿಗೆ ಐವತ್ತೆಂಟು ವರ್ಷ, ಮೊಣಕಾಲು ನೋವು. ಜೋಳದ ಚೀಲಗಳ ನಡುವೆ ಕಷ್ಟಪಟ್ಟು ತೂರಿ ಕುಕ್ಕರಗಾಲಲ್ಲಿ ಕೂತರು, ತಲೆ ಮಾತ್ರ ಕಾಣುತ್ತಿತ್ತು. ಭೂಮಿಕಾ ಕೋಣೆಯ ದೀಪ ಆರಿಸಿದಳು. ನಾನು ಒತ್ತಿದೆ.

"ಕಂಡ್ತಾ?"

"ಕಂಡ್ತು."

"ಎಂತ ಕಂಡ್ತು?"

"ನೀನು."

"ಸಮಾ ನೋಡು."

ಮತ್ತೆ ಒತ್ತಿದೆ. ಹಿಟ್ಟಿನ ಹುಡಿ ಮಿನುಗಿ ಕತ್ತಲಾಯಿತು. ನಾಲ್ಕನೆಯದೋ ಐದನೆಯದೋ ಸಲಕ್ಕೆ ನಾಯ್ಕರ ದನಿ ಬಂತು. "ಅವ್ವಿ, ಹುಬ್ಬಿನ ಮೇಲೆ ಕಲೆ ಉಂಟು. ಎಂತ ಆಗಿತ್ತು?"

"ನೀ ಹೊಟ್ಟೇಲಿದ್ದಾಗ ಬಾವಿಕಟ್ಟೆ ಮೇಲೆ ಬಿದ್ದದ್ದು."

"ನಾನು ನೋಡ್ಲೇ ಇಲ್ಲ."

"ನೀ ಹೊಟ್ಟೇಲಿದ್ದೆ."

"ಆಮೇಲೂ ನೋಡ್ಲಿಲ್ಲ," ಎಂದರು ನಾಯ್ಕರು ಚೀಲದ ನಡುವಿನಿಂದ.

ಆಮೇಲೆ ಭೂಮಿಕಾ ಅಲ್ಲಿ ಕೂತಳು. ಅಜ್ಜಿಯ ಕಣ್ಣು ಪೂರ್ತಿ ಕಪ್ಪಲ್ಲ, ಅಂಚಿನಲ್ಲಿ ನೀಲಿ ಉಂಗುರ ಇದೆ ಎಂದಳು. ನಂತರ ಸುಬ್ಬಿಯ ಸರದಿ. ಮೂರು ಸಲ ಹೊಳೆಸಿದ ಮೇಲೆ ಅವರು, "ಅತ್ತೆ, ಆ ಸೀರೆ ನಂದು" ಎಂದರು. ಹಬ್ಬದಿಂದ ಹುಡುಕುತ್ತಿದ್ದರಂತೆ. ವೆಂಕಮ್ಮ ನಗತೊಡಗಿದರು. ಆ ನಗುವನ್ನು ನೋಡಬೇಕೆಂದು ನಾಯ್ಕರು ಮತ್ತೆ ಚೀಲಗಳ ನಡುವೆ ತೂರಲು ಹೋದರು, ಹೆಂಡತಿ ಮಗಳು ಜಾಗ ಬಿಡಲಿಲ್ಲ, ಒಂದು ಚೀಲ ಬಿಚ್ಚಿಕೊಂಡು ಜೋಳ ಕೋಣೆ ತುಂಬ ಹರಿಯಿತು. ಕತ್ತಲಲ್ಲಿ ಎಲ್ಲರೂ ಜೋಳದ ಮೇಲೆ ಜಾರುತ್ತಿದ್ದರು. ನಾನು ಒತ್ತುತ್ತಲೇ ಇದ್ದೆ.

ಮುಗಿಯಿತೆಂದು ಸ್ಟ್ಯಾಂಡ್ ಮಡಚಲು ಹೋದೆ. ವೆಂಕಮ್ಮ ಎದ್ದು ಬಂದು ನನ್ನ ಕೈಯಿಂದ ಟ್ರಿಗರ್ ತೆಗೆದುಕೊಂಡರು.

"ಎಲ್ಲಿ ಒತ್ತೂದು?"

ತೋರಿಸಿದೆ.

"ಹೋಗು, ನೀ ಕುಂತ್ಕ."

ನಾನು ಬೇಡ ಎಂದೆ. ಹೊತ್ತಾಯಿತು, ಶಿರಸಿಗೆ ಹೋಗಬೇಕು, ನನ್ನದು ಲೈಟು ಹಾಕುವ ಕೆಲಸ ಎಂದೆ. ಅವರು ಕುರ್ಚಿ ತೋರಿಸುತ್ತ ನಿಂತೇ ಇದ್ದರು. ಕೂತೆ. ಕುರ್ಚಿ ಅವರ ಮೈಯಿಂದ ಇನ್ನೂ ಬೆಚ್ಚಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವರು ಜೋಳದ ರಾಶಿಯಲ್ಲಿ ಕೂತು, ಟ್ರಿಗರನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು.

ಆ ಬೆಳಕು ಎದುರಿಗಿದ್ದವರಿಗೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಏನೂ ಕಾಣುವುದಿಲ್ಲ. ನಮ್ಮನ್ನು ಯಾರೋ ಕಂಡರು ಎಂದಷ್ಟೇ ತಿಳಿಯುತ್ತದೆ.

"ಎಡಗಣ್ಣು ಸಣ್ಣ ಉಂಟು ನಿಂದು," ಎಂದರು ಕತ್ತಲೊಳಗಿಂದ.

"ಹೌದಾ?" ಎಂದೆ.

"ಹೆಂಡ್ತಿ ಹೇಳ್ಲಿಲ್ವಾ? ಚಂದ ಕಾಣ್ತದೆ. ಆದ್ರೆ ನೀ ಸಮಾ ನಿದ್ದೆ ಮಾಡೂದಿಲ್ಲ. ಇರು, ಇನ್ನೊಂದ್ ಸಲ."

ಒತ್ತಿದರು. ಮತ್ತೆ ಒತ್ತಿದರು. ನಾಯ್ಕರು ಬಂದು ಅವರ ಪಕ್ಕ ಕೂತರು, ಸುಬ್ಬಿ, ಭೂಮಿಕಾ ಕೂಡ. ನನ್ನ ಕಿವಿಯ ಬಗ್ಗೆ, ಹಣೆಯ ಗೆರೆಗಳ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನನಗೆ ಏಳಬೇಕೆನಿಸಲಿಲ್ಲ. ಬ್ಯಾಟರಿ ಪೂರ್ತಿ ಮುಗಿದು, ಒತ್ತಿದರೂ ಏನೂ ಆಗದಿದ್ದಾಗ ಭೂಮಿಕಾ ದೀಪ ಹಾಕಿದಳು.

ಬಿಳಗಿಯಿಂದ ಬರುವಾಗ ಸಂಜೆಯಾಗಿತ್ತು. ಅಭಿಜ್ಞಾ ಬಾಗಿಲಲ್ಲೇ ಕೇಳಿದಳು, "ತೆಗೆದ್ರಾ?" ಇಲ್ಲ ಎಂದೆ. ನನ್ನ ಎಡಗಣ್ಣು ಸಣ್ಣ ಇದೆಯಂತೆ, ಗೊತ್ತಿತ್ತಾ ಎಂದು ಕೇಳಿದೆ. ಮದುವೆಗೆ ಮೊದಲೇ ಗೊತ್ತಿತ್ತು ಎಂದಳು. ಇಬ್ಬರೂ ಊಟ ಮಾಡಿದೆವು. ಅವಳು ಉಪ್ಪಿನಕಾಯಿ ನೆಂಚಿಕೊಳ್ಳುವಾಗ ಪ್ರತಿ ಸಲವೂ ಒಂದು ಹುಬ್ಬು ಏರಿಸುತ್ತಾಳೆ.

ಕ್ಯಾಮೆರಾ ಬ್ಯಾಗು ಗಿರಣಿಯ ತೂಕದ ಯಂತ್ರದ ಮೇಲೆಯೇ ಉಳಿದಿದೆ ಎಂದು ಈಗ ಬರೆಯುವಾಗ ನೆನಪಾಯಿತು. ಆ ಕಡೆ ಹೋದಾಗ ತಂದರಾಯಿತು.